ನಿಮಗಿದು ಗೊತ್ತೆ? ಕಿಡಿಯ ಹೊತ್ತಿಗೂ ಊರಿನ ಎತ್ತರಕ್ಕೂ ನಂಟಿದೆ

ಅಂಬಾಸಿಡರ್‌ನಂಥ ಹಳೆಯ ಪೆಟ್ರೋಲ್ ಕಾರಿನಲ್ಲಿ ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟುವ ಮೊದಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು; ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಒಮ್ಮೆಲೇ ಸಿಡಿಯದೆ ಹಬ್ಬುತ್ತ ಉರಿಯುವುದೇ ಇದಕ್ಕೆ ಕಾರಣ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೇ ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ ದಂಡ 18 ಡಿಗ್ರಿ ಸರಿದುಬಿಡುತ್ತದೆ.

ಈ ಮುಂಗಡವನ್ನು, ಅಂದರೆ ಟೈಮಿಂಗ್ ಅನ್ನು, ನಾಲ್ಕು ಪ್ಲಗ್‌ಗಳಿಗೆ 1-3-4-2ರ ಸರದಿಯಲ್ಲಿ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರ್‌ನ ಬಿಗಿ ಸಡಿಲಿಸಿ ತುಸು ತಿರುಗಿಸಿ ಹೊಂದಿಸಲಾಗುತ್ತದೆ. ಆದರೆ ಅದಕ್ಕೂ ಮುನ್ನ ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್‌ನ ಎಡೆಯನ್ನು ಸುಮಾರು 0.38 ಮಿ.ಮೀ.ಗೆ ಸರಿಪಡಿಸಬೇಕು. ಎಡೆ ಬದಲಾದರೆ ಟೈಮಿಂಗ್ ಕೂಡ ಬದಲಾಗುವುದರಿಂದ, ಈ ಕ್ರಮ ತಲೆಕೆಳಗಾದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿರುವ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆಯಿರುತ್ತದೆ. ಹೀಗಾಗಿ ಸಿಲಿಂಡರಿನೊಳಗಿನ ಉರಿ ನಿಧಾನಿಸಿ, ಎಂಜಿನ್ ತುಸು ಹೆಚ್ಚಿನ ಮುಂಗಡವನ್ನೂ ಸಹಿಸಿಕೊಳ್ಳಬಲ್ಲದು. ಅದೇ ಹೊಂದಿಕೆಯಲ್ಲಿ ಮುಳಬಾಗಿಲಿನಿಂದ ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿದು ಚಿತ್ತೂರಿನ ಬಿಸಿಲಿಗೆ ಹೋದರೆ, ದಟ್ಟ ಗಾಳಿಯಲ್ಲಿ ಮಿಶ್ರಣ ಅಕಾಲದಲ್ಲಿ ಸಿಡಿದು ಟಣಟಣ ಸದ್ದು ಕೇಳಿಬರಬಹುದು. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದಕ್ಕೇ. ಏರಿನಲ್ಲಿ ಭಾರ ಎಳೆಯುವಾಗ ಅದು ಇನ್ನಷ್ಟು ಸ್ಪಷ್ಟ. ಆಗ ಡಿಸ್ಟ್ರಿಬ್ಯೂಟರನ್ನು ಒಂದೆರಡು ಡಿಗ್ರಿ ಹಿಂದಕ್ಕೆ ಸರಿಸಿದರೆ ಸದ್ದು ಅಡಗುತ್ತದೆ. ಅತಿಯಾಗಿ ಸರಿಸಿದರೆ ಎಂಜಿನ್ ಕಾದು, ಎಳೆತ ಕುಗ್ಗಿ, ಪೆಟ್ರೋಲ್ ಸುಮ್ಮನೆ ಪೋಲಾಗುತ್ತದೆ.