ಅಕ್ಕರೆಯ ನೀರಿಗೇ ಕೊಳೆಯುವ ಹವೋರ್ಥಿಯಾ

ಮುಂಬಯಿಯ ಸಂಘ-ಸಂಸ್ಥೆಗಳ ಸಮಾರಂಭಗಳಲ್ಲಿ ಅತಿಥಿಗಳಿಗೆ ಹೂಗುಚ್ಛದ ಬದಲು ಪುಟ್ಟ ಗಿಡವನ್ನಿತ್ತು ಗೌರವಿಸುವ ಪರಿಪಾಠ ಅಲ್ಲಲ್ಲಿ ಕಾಣಸಿಗುತ್ತದೆ. ಹೀಗೆ ಮನೆ ಸೇರುವ ಗಿಡಗಳಲ್ಲಿ ಹವೋರ್ಥಿಯಾವೂ ಒಂದು. ಅಂಗೈಯಗಲದ ಗಿಡ. ದಪ್ಪನೆಯ ಚೂಪು ಎಲೆಗಳು ಗುಲಾಬಿಯ ದಳಗಳಂತೆ ಸುತ್ತಲೂ ಜೋಡಿಕೊಂಡಿರುತ್ತವೆ. ಕಡುಹಸಿರಿನ ಮೇಲೆ ಬಿಳಿ ಪಟ್ಟೆಗಳಿರುವ ಜಾತಿಗೆ ನರ್ಸರಿಯವರು ಝೀಬ್ರಾ ಗಿಡ ಎನ್ನುತ್ತಾರೆ. ಸಂತಸದಿಂದ ಕಿಟಕಿಯ ಗ್ರಿಲ್‌ನಲ್ಲಿಟ್ಟ ಈ ಗಿಡ ಅನೇಕ ಮನೆಗಳಲ್ಲಿ ಮೊದಲ ಮಳೆಗಾಲವನ್ನೇ ದಾಟುವುದಿಲ್ಲ. ಚೌತಿಯ ಹೊತ್ತಿಗೆ ಬುಡ ಕೊಳೆತು ಕೈಗೆ ಬರುತ್ತದೆ. ಕಾರಣ ಅಲಕ್ಷ್ಯವಲ್ಲ, ಅತಿಯಾದ ಅಕ್ಕರೆ.

ಊರಿನಲ್ಲಿ ತುಳಸಿಗೂ ಮಲ್ಲಿಗೆಗೂ ನಿತ್ಯ ನೀರೆರೆದ ಕೈಗಳಿಗೆ ಪಕ್ಕದ ಕುಂಡಕ್ಕೂ ಒಂದು ಲೋಟ ಸುರಿಯದಿದ್ದರೆ ಸಮಾಧಾನವಿಲ್ಲ. ಆದರೆ ಇದು ತುಳಸಿಯ ಜಾಯಮಾನದ್ದಲ್ಲ, ಲೋಳೆಸರದ ಹತ್ತಿರದ ಬಂಧು. ಇದರ ತವರು ದಕ್ಷಿಣ ಆಫ್ರಿಕಾ. ಅಲ್ಲಿನ ಒಣ ನೆಲದಲ್ಲಿ ಪೊದೆಗಳ ಬುಡದಲ್ಲಿ, ಬಂಡೆಗಳ ಮರೆಯಲ್ಲಿ ಬೆಳೆಯುತ್ತದೆ. ನೀರನ್ನು ಎಲೆಗಳಲ್ಲೇ ಠೇವಣಿ ಇಟ್ಟುಕೊಳ್ಳುತ್ತದೆ. ಹಗಲಿನ ಸೆಕೆಯಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯಷ್ಟೇ ತೆರೆಯುವುದರಿಂದ ಆ ಠೇವಣಿ ಬೇಗ ಕರಗುವುದಿಲ್ಲ. ಇಂಗ್ಲೆಂಡಿನ ಸಸ್ಯತಜ್ಞ ಏಡ್ರಿಯನ್ ಹಾವರ್ತ್ (1767–1833) ಅವರ ಗೌರವಾರ್ಥ 1809ರಲ್ಲಿ ಈ ಕುಲಕ್ಕೆ ಹೆಸರಿಡಲಾಯಿತು. 2013ರಲ್ಲಿ ಝೀಬ್ರಾ ಗಿಡವನ್ನು ಹವೋರ್ಥಿಯೋಪ್ಸಿಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರೂ ಆರೈಕೆಯಲ್ಲಿ ವ್ಯತ್ಯಾಸವೇನಿಲ್ಲ.

ನೆರಳಿನ ಗಿಡವಾದ್ದರಿಂದ ಫ್ಲ್ಯಾಟುಗಳ ಅರೆಬೆಳಕಿಗೆ ಹೇಳಿ ಮಾಡಿಸಿದಂತಿದೆ. ಮುಂಜಾನೆಯ ಎಳೆಬಿಸಿಲು ಸಾಕು. ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಕೆಂಪಡರುತ್ತದೆ. ತೀರಾ ಕತ್ತಲಾದರೆ ಎಲೆಗಳು ಬೆಳಕು ಹುಡುಕುತ್ತ ಉದ್ದಕ್ಕೆ ಎಳೆದುಕೊಂಡು ಅಂದ ಕೆಡುತ್ತದೆ.

ಉಡುಗೊರೆಯಾಗಿ ಬಂದ ಕುಂಡವನ್ನು ಮೊದಲು ತಿರುವಿ ನೋಡಬೇಕು. ಚಂದದ ಪಿಂಗಾಣಿ ಕುಂಡಗಳಲ್ಲಿ ಎಷ್ಟೋ ತಳದಲ್ಲಿ ತೂತೇ ಇಲ್ಲದವು. ಮೇಲೆ ಬಿಳಿ ಕಲ್ಲುಗಳನ್ನು ಅಂಟಿಸಿಟ್ಟಿದ್ದರಂತೂ ಒಳಗಿನ ಹಸಿ ಕಾಣುವುದೂ ಇಲ್ಲ. ಅಂತಹ ಕುಂಡ ಗಿಡಕ್ಕೆ ಮನೆಯಲ್ಲ, ಬಾವಿ. ತೂತಿರುವ ಮೂರು-ನಾಲ್ಕು ಇಂಚಿನ ಮಣ್ಣಿನ ಕುಂಡಕ್ಕೆ ಬದಲಾಯಿಸುವುದೇ ಲೇಸು. ಒಂದು ಪಾಲು ಗೊಬ್ಬರ ಬೆರೆತ ಮಣ್ಣಿಗೆ ಎರಡು ಪಾಲು ದಪ್ಪ ಮರಳು, ಇಟ್ಟಿಗೆ ಚೂರು, ಇದ್ದಲಿನ ಚೂರು ಬೆರೆಸಿದರೆ ನೀರು ನಿಲ್ಲದು. ಸಮುದ್ರ ತೀರದ ಮರಳು ಮಾತ್ರ ಬೇಡ, ಅದರಲ್ಲಿ ಉಪ್ಪಿರುತ್ತದೆ.

ನೀರಿಗೆ ದಿನ ಎಣಿಸುವುದಕ್ಕಿಂತ ಹಿಡಿಸೂಡಿಯ ಕಡ್ಡಿಯೊಂದನ್ನು ಮಣ್ಣಿನಾಳಕ್ಕೆ ಚುಚ್ಚಿ ನೋಡುವುದು ಮೇಲು. ಕಡ್ಡಿಗೆ ಹಸಿ ಮಣ್ಣು ಅಂಟಿದರೆ ನೀರು ಬೇಡ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಂಪಿನಲ್ಲಿ ಗಿಡ ಬೆಳೆಯುತ್ತದೆ, ಎಂಟು-ಹತ್ತು ದಿನಕ್ಕೊಮ್ಮೆ ನೀರುಣಿಸಬಹುದು. ಏಪ್ರಿಲ್-ಮೇ ಸೆಕೆಗೆ ಅದು ಅರೆನಿದ್ದೆಯಲ್ಲಿರುತ್ತದೆ. ಸೆಕೆ ನೋಡಿ ಮರುಗಿ ಹೆಚ್ಚು ನೀರು ಹಾಕಿದವರು ಗಿಡ ಕಳೆದುಕೊಳ್ಳುತ್ತಾರೆ. ನಿಜವಾದ ಸತ್ವಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳಲ್ಲಿ ಇಲ್ಲಿ ಎರಡು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ. ಒಗೆದ ಬಟ್ಟೆಯೇ ಒಣಗದ ಗಾಳಿಯಲ್ಲಿ ಕುಂಡದ ಮಣ್ಣು ಒಣಗುವುದೆಂತು? ಮೊದಲ ಮಳೆಗೆ ಮುನ್ನ ಗಿಡವನ್ನು ಗ್ರಿಲ್‌ನಿಂದ ಒಳಗೆ ತಂದು, ಬೆಳಕಿರುವಲ್ಲಿ, ಫ್ಯಾನಿನ ಗಾಳಿ ಸುಳಿಯುವಲ್ಲಿ ಇಡಬೇಕು. ಇಪ್ಪತ್ತು ದಿನ ನೀರು ಕಾಣದಿದ್ದರೂ ಚಿಂತೆಯಿಲ್ಲ.

ಎಲೆ ಸುಕ್ಕುಗಟ್ಟಿ ಒಳಕ್ಕೆ ಮುದುಡಿದರೆ ಬಾಯಾರಿಕೆ ಎಂದು ನೀರು ಸುರಿಯುವ ಮುನ್ನ ಕಡ್ಡಿ ನೋಡಬೇಕು. ಬೇರು ಕೊಳೆತಾಗಲೂ ಎಲೆ ಹೀಗೆಯೇ ಸುಕ್ಕುಗಟ್ಟುತ್ತದೆ. ಬುಡದ ಎಲೆ ಮೆತ್ತಗಾಗಿ ನೀರು ತುಂಬಿದಂತೆ ಕಂಡರೆ ಸಂಶಯವೇ ಬೇಡ. ಆಗಲೂ ಆಸೆ ಬಿಡಬೇಕಿಲ್ಲ. ಗಿಡವನ್ನು ಕಿತ್ತು, ಕಪ್ಪಾದ ಬೇರು, ಕೊಳೆತ ಎಲೆಗಳನ್ನೆಲ್ಲ ಶುದ್ಧ ಚಾಕುವಿನಿಂದ ಕತ್ತರಿಸಿ, ಮೂರು-ನಾಲ್ಕು ದಿನ ನೆರಳಲ್ಲಿ ಒಣಗಿಸಿ ಒಣ ಮಣ್ಣಿನಲ್ಲಿ ನೆಡಬೇಕು. ಒಂದು ವಾರ ನೀರು ಮುಟ್ಟಿಸಬಾರದು. ನಡುಭಾಗ ಗಟ್ಟಿಯಿದ್ದರೆ ಹೊಸ ಬೇರು ಬಿಡುತ್ತದೆ.

ಸುಸ್ಥಿತಿಯಲ್ಲಿರುವ ಗಿಡ ತೆಳುವಾದ ಉದ್ದನೆಯ ಕಡ್ಡಿಯಲ್ಲಿ ಸಣ್ಣ ಬಿಳಿ ಹೂ ಬಿಡುತ್ತದೆ. ದೇವರ ಮುಡಿಗೂ ಹೆಂಗಳೆಯರ ಜಡೆಗೂ ಸಲ್ಲದ ಹೂವದು. ಆದರೆ ಬುಡದ ಸುತ್ತ ಏಳುವ ಮರಿಗಳು ಬೆಲೆಯುಳ್ಳವು. ತಾಯಿಯ ಮೂರನೇ ಒಂದು ಭಾಗದಷ್ಟಾದ ಮೇಲೆ, ನವೆಂಬರ್‌ನಲ್ಲಿ, ಬೇರುಸಹಿತ ಬಿಡಿಸಿ ಎರಡು ದಿನ ಒಣಗಿಸಿ ಪುಟ್ಟ ಕುಂಡದಲ್ಲಿ ನೆಟ್ಟರೆ ಮುಂದಿನ ಮಳೆಗಾಲದೊಳಗೆ ಬೇರೂರಿರುತ್ತದೆ. ನೆರೆಮನೆಗೆ ಕೊಡುವಾಗ ಕಡ್ಡಿಯೊಂದನ್ನು ಜೊತೆಗೆ ಚುಚ್ಚಿ ಕೊಟ್ಟರೆ ಒಳ್ಳೆಯದು.