ದೇವರಕಾಡನ್ನು ಕಾಯುವವರು ಯಾರು?

ಕೊಡಗಿನ ಬೇಟೆ ಅಯ್ಯಪ್ಪನಿಗೆ ಅನೇಕ ಕಡೆ ಗುಡಿಯೇ ಇಲ್ಲ. ಮರದ ಬುಡದಲ್ಲೊಂದು ಕಲ್ಲು, ಸುತ್ತ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು. ಹಳೆಯವು ಕಿವಿ, ಬಾಲ ಮುರಿದು ಪಾಚಿ ಕಟ್ಟಿರುತ್ತವೆ. ಹೊಸವು ಅವುಗಳ ಪಕ್ಕದಲ್ಲೇ ಕೂರುತ್ತವೆ. ಇಲ್ಲಿ ಕಾಡೇ ದೇವಸ್ಥಾನ. ಅಯ್ಯಪ್ಪನದು, ಭಗವತಿಯದು, ಮಹಾದೇವನದು ಎಂದು ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ. ಇಲ್ಲಿ ಮರ ಕಡಿಯಬಾರದು, ಕಡಿದರೆ ದೋಷ ತಟ್ಟುತ್ತದೆ ಎಂಬ ನಂಬಿಕೆಯಿದೆ. ಈ ಭಯವೇ ಕಾಡನ್ನು ಉಳಿಸಿತು ಎಂದು ಪರಿಸರದ ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅದು ಅರ್ಧ ಸತ್ಯ.

1905ರ ಲೆಕ್ಕದಲ್ಲಿ ದೇವರಕಾಡುಗಳ ವಿಸ್ತೀರ್ಣ ಸುಮಾರು 15,500 ಎಕರೆ. 1985ರ ಹೊತ್ತಿಗೆ ಸುಮಾರು 6,300. ಎಂಬತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಅಷ್ಟರಲ್ಲಿ ನಂಬಿಕೆ ಸತ್ತುಹೋಗಿತ್ತೇ? ಹಬ್ಬ ನಿಂತಿಲ್ಲ, ಹರಕೆ ನಿಂತಿಲ್ಲ. ದೇವರಪುರದಲ್ಲಿ ಮೇ ತಿಂಗಳ ಕುಂಡೆ ಹಬ್ಬಕ್ಕೆ ಜೇನುಕುರುಬರು, ಯರವರು ಇಂದಿಗೂ ವೇಷ ಕಟ್ಟಿ ಬರುತ್ತಾರೆ. ಬೇಟೆಗೆಂದು ಕರೆದೊಯ್ದು, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ನಡುಗಾಡಿನಲ್ಲೇ ಬಿಟ್ಟನೆಂದು ಅಯ್ಯಪ್ಪನನ್ನು ಬಾಯಿತುಂಬ ಬೈಯುತ್ತಾರೆ. (ದೇವರನ್ನು ಬೈಯುವಷ್ಟು ಸಲುಗೆ ಇರುವಲ್ಲಿ ಎಲ್ಲವೂ ಭಯದಿಂದಲೇ ನಡೆಯಿತು ಎನ್ನುವುದು ಹೇಗೆ?) ನಂಬಿಕೆ ಇದ್ದೂ ಕಾಡು ಕರಗಿದ್ದರೆ, ಕಾರಣವನ್ನು ಬೇರೆಡೆ ಹುಡುಕಬೇಕು. 1905ರಲ್ಲಿ ಈ ಕಾಡುಗಳು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋದವು, 1985ರಲ್ಲಿ ಮರಳಿ ಅರಣ್ಯಕ್ಕೆ ಬಂದವು. ಪೂಜೆ, ಹಬ್ಬದ ಹೊಣೆ ಊರಿನ ಹಿರಿಯರಾದ ತಕ್ಕರಲ್ಲಿ ಉಳಿಯಿತು. ನೆಲದ ಮಾತು ಕಚೇರಿಗೆ ಸೇರಿತು. ಕಾಯುವವರು ಯಾರೆಂಬುದು ಸ್ಪಷ್ಟವಿಲ್ಲದ ಕಡೆ ಕಾಫಿ ತೋಟದ ಬೇಲಿ ವರ್ಷಕ್ಕಿಷ್ಟು ಒಳಗೆ ಸರಿಯಿತು. ದೋಷದ ಭಯ ಕೆಲಸ ಮಾಡಬೇಕಾದರೆ, ತಪ್ಪಿದವನನ್ನು ಕರೆದು ಕೇಳುವ ಊರೂ ಇರಬೇಕು.

ಒತ್ತುವರಿ ಮಾಡಿದವರಲ್ಲಿ ಊರಿನವರೂ ಇದ್ದಾರಲ್ಲ, ಕಾಡನ್ನು ಅವರ ಕೈಗೇ ಕೊಡುವುದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೇಲಿ ಸರಿಸುವವನು ಒಬ್ಬ, ನಷ್ಟ ಊರಿಗೆಲ್ಲ. ಗಡಿಯ ನಕ್ಷೆ ಪಂಚಾಯಿತಿಯ ಗೋಡೆಯ ಮೇಲಿದ್ದರೆ, ಹಬ್ಬಕ್ಕೆ ಸೇರಿದವರೆದುರು ಅವನು ಉತ್ತರಿಸಬೇಕಾಗುತ್ತದೆ. ಇಲಾಖೆಯ ಕಾನೂನೂ ಬೇಕು, ಊರಿನ ಕಣ್ಣೂ ಬೇಕು. ಇನ್ನೊಂದು ವಾದ ಭಕ್ತರದೇ: ದೇವರು ಮಳೆಯಲ್ಲಿ ನೆನೆಯುತ್ತಿರುವಾಗ ಸೂರು ಕಟ್ಟಿಸಿದರೆ ತಪ್ಪೇನು? ಸೂರು ಒಂದಕ್ಕೇ ನಿಂತರೆ ತಪ್ಪಿಲ್ಲ. ಅದರ ಹಿಂದೆಯೇ ಸಭಾಂಗಣ, ಅಡುಗೆಮನೆ, ವಾಹನ ನಿಲ್ಲಿಸಲು ಜಾಗ ಎಲ್ಲವೂ ಬರುತ್ತವೆ. ನಾಲ್ಕು ಗೋಡೆ ಎದ್ದ ಮೇಲೆ ದೇವರ ಜಾಗ ಗರ್ಭಗುಡಿಯಷ್ಟಕ್ಕೇ ಕುಗ್ಗಿ, ಹೊರಗಿನ ಮರಗಳು ಬರೀ ಮರಗಳಾಗುತ್ತವೆ. ಜೀರ್ಣೋದ್ಧಾರಕ್ಕೆ ಚಂದಾ ಎತ್ತುವ ಸಮಿತಿಗಳು ಮೊದಲು ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಲಿ. ಗುಡಿಯ ಮಾತು ಆಮೇಲೆ.