ಬೀಚಿನ ಊರಿಗೆ ಆನೆ ಬಂದದ್ದು ಹೇಗೆ?

ನಮ್ಮ ವಿಜಯಪುರದಿಂದ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿಬಂದ ಕುಟುಂಬಗಳ ಫೋಟೊಗಳಲ್ಲಿ ಸಮುದ್ರದ ಜೊತೆ ಆನೆಯೂ ಇರುತ್ತದೆ. ಮಕ್ಕಳು ಬಾಳೆಹಣ್ಣು ತಿನ್ನಿಸುತ್ತಾರೆ, ಸ್ನಾನ ಮಾಡಿಸುತ್ತಾರೆ.

ಥಾಯ್ಲೆಂಡಿನ ಸಾಕಾನೆಗಳು ಮೊದಲು ಕಾಡಿನಲ್ಲಿ ದಿಮ್ಮಿ ಎಳೆಯುತ್ತಿದ್ದವು. 1989ರಲ್ಲಿ ಸರ್ಕಾರ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿತು. ಕಾಡು ಉಳಿಯಿತು, ಆನೆಗೂ ಮಾವುತರಿಗೂ ಕೆಲಸ ಹೋಯಿತು. ದೊಡ್ಡ ಆನೆ ದಿನಕ್ಕೆ ಸುಮಾರು 150 ಕಿಲೊ ಮೇವು ತಿನ್ನುತ್ತದೆ. ಆದಾಯ ನಿಂತರೂ ಈ ಖರ್ಚು ನಿಲ್ಲುವುದಿಲ್ಲ. ನಾವು ಅರ್ಥಶಾಸ್ತ್ರದಲ್ಲಿ ಓದುವ ಸ್ಥಿರ ವೆಚ್ಚ ಇದೇ. ಹಾಗಾಗಿ ಪ್ರವಾಸಿಗರ ಟಿಕೆಟ್ ಹಣವೇ ಆಸರೆಯಾಯಿತು. 2020ರಲ್ಲಿ ಕೊರೊನಾದಿಂದ ಪ್ರವಾಸ ನಿಂತಾಗ ಎಷ್ಟೋ ಮಾವುತರು ಆನೆಗಳನ್ನು ನಡೆಸಿಕೊಂಡೇ ತಮ್ಮ ಹಳ್ಳಿಗಳಿಗೆ ಮರಳಿದರು.

ನಮ್ಮ ಕೊಡಗಿನ ದುಬಾರೆ ಆನೆಗಳೂ ಹಿಂದೆ ಮರ ಎಳೆದವೇ. ಆದರೆ ಅವುಗಳ ಮೇವು ಅರಣ್ಯ ಇಲಾಖೆಯ ಹೊಣೆ. ಥಾಯ್ಲೆಂಡಿನ ಸಾಕಾನೆಗಳಲ್ಲಿ ಹೆಚ್ಚಿನವು ಖಾಸಗಿಯವರ ಸ್ವತ್ತು.

ಗುರುತಿಲ್ಲದವರು ದಿನವಿಡೀ ಮುಟ್ಟಿದರೂ ಸುಮ್ಮನಿರಬೇಕಾದರೆ ಆನೆಯನ್ನು ಮೊದಲೇ ಹೆದರಿಸಿ ಪಳಗಿಸಿರಬೇಕು. ಪಳಗಿದರೂ ಅದು ಆನೆಯೇ: 2025ರ ಜನವರಿಯಲ್ಲಿ ಫುಕೆಟ್ ಹತ್ತಿರದ ದ್ವೀಪವೊಂದರಲ್ಲಿ ಸ್ನಾನ ಮಾಡಿಸುತ್ತಿದ್ದ ವಿದೇಶಿ ವಿದ್ಯಾರ್ಥಿನಿ ಆನೆಯ ತಿವಿತಕ್ಕೆ ಬಲಿಯಾದರು. ಈಗ ಕೆಲವು ಕಡೆ ಮುಟ್ಟುವಂತಿಲ್ಲ, ದೂರದಿಂದ ನೋಡಬೇಕಷ್ಟೆ. ಅಲ್ಲೂ ಟಿಕೆಟ್ ಇದೆ, ಮೇವಿನ ಖರ್ಚು ಅದರಿಂದಲೇ ಹುಟ್ಟುತ್ತದೆ.